ಹಲವರು ಬಳಸುವ ಕಂಪ್ಯೂಟರಿನಲ್ಲಿ ಒಡೆತನದ ಹಕ್ಕು, ಬಳಕೆಯ ಹಕ್ಕು: ಸರಿಯಾಗಿ ಹೊಂದಿಸುವ ಕ್ರಮ

ಒಂದೇ ಸರ್ವರನ್ನು ಹತ್ತಾರು ಜನ ಬಳಸುವ ಕಡೆಗಳಲ್ಲಿ ತೊಂದರೆ ಸಾಮಾನ್ಯವಾಗಿ ಒಂದೇ ರೀತಿ ಶುರುವಾಗುತ್ತದೆ. ಒಬ್ಬರು ಬರೆದಿಟ್ಟ ಕಡತವನ್ನು ಇನ್ನೊಬ್ಬರು ತೆರೆಯಲು ಹೋದಾಗ ಅನುಮತಿ ಇಲ್ಲವೆಂಬ ಸಂದೇಶ ಬರುತ್ತದೆ. ಕೆಲಸ ನಿಲ್ಲಬಾರದೆಂದು ಯಾರೋ ಆ ಫೋಲ್ಡರನ್ನು ಎಲ್ಲರಿಗೂ ಪೂರ್ತಿಯಾಗಿ ತೆರೆದುಬಿಡುತ್ತಾರೆ. ಕೆಲವು ತಿಂಗಳ ನಂತರ ಮುಖ್ಯವಾದ ಕಡತವೊಂದು ಕಾಣೆಯಾಗುತ್ತದೆ, ಅಳಿಸಿದವರು ಯಾರೆಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಅಳಿಸಿದವರನ್ನು ದೂರುವುದು ಸುಲಭ. ಆದರೆ ಒಂದು ಕಡತ ಯಾರದ್ದು ಎಂಬ ಪ್ರಶ್ನೆಯನ್ನೂ ಅದನ್ನು ಯಾರು ಬಳಸಬಹುದು ಎಂಬ ಪ್ರಶ್ನೆಯನ್ನೂ ಬೇರೆಬೇರೆಯಾಗಿ ಕೇಳಿಕೊಳ್ಳದೆ ವ್ಯವಸ್ಥೆ ಕಟ್ಟಿದ್ದೇ ಮೂಲ ದೋಷ.

ಈ ಬರಹ ಮುಖ್ಯವಾಗಿ ಲಿನಕ್ಸ್ ಅಥವಾ ಯೂನಿಕ್ಸ್ ಬಗೆಯ ವ್ಯವಸ್ಥೆಯನ್ನು ನೋಡಿಕೊಳ್ಳುವವರಿಗೆ. ವಿಂಡೋಸ್ ಮತ್ತು ಆನ್‌ಲೈನ್ ಡ್ರೈವ್‌ಗಳ ವಿಷಯ ಕೊನೆಯ ಕಡೆಗೆ ಚಿಕ್ಕದಾಗಿ ಬರುತ್ತದೆ. ಆದೇಶಗಳ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಅವುಗಳನ್ನು ಎಂದಿನಂತೆ ಇಂಗ್ಲಿಷ್ ಅಕ್ಷರಗಳಲ್ಲೇ ಕೊಡಬೇಕು.

ಮೊದಲು ಕಾಗದದ ಮೇಲೆ

ಕೀಲಿಮಣೆ ಮುಟ್ಟುವ ಮೊದಲು ಮೂರು ಬಗೆಯ ಒಡೆತನವನ್ನು ಬೇರ್ಪಡಿಸಿಕೊಳ್ಳಿ. ಮೊದಲನೆಯದು ಯಂತ್ರದ ಒಡೆತನ. ಅದು ಸಾಮಾನ್ಯವಾಗಿ ಒಂದು ಸಂಸ್ಥೆಯದ್ದಾಗಿರುತ್ತದೆ; ಯಾರಿಗೆ ಖಾತೆ ಕೊಡಬೇಕು, ಯಾವ ಕೆಲಸಕ್ಕೆ ಯಂತ್ರವನ್ನು ಬಳಸಬಹುದು ಎಂದು ತೀರ್ಮಾನಿಸುವವರು ಅವರು. ಎರಡನೆಯದು ನಿರ್ವಹಣೆ. ನಿರ್ವಾಹಕರಿಗೆ ಯಂತ್ರದ ಮೇಲೆ ಪೂರ್ಣ ಅಧಿಕಾರವಿದ್ದರೂ ಅವರು ಅದರ ಒಡೆಯರಲ್ಲ, ಒಡೆಯರ ಪರವಾಗಿ ಕೆಲಸ ಮಾಡುವವರು. ಮೂರನೆಯದು ಕಡತದ ಮಾಲೀಕತ್ವ. ಇಲ್ಲಿ ಎಚ್ಚರ ಬೇಕು, ಏಕೆಂದರೆ ಯಂತ್ರದ ಲೆಕ್ಕದಲ್ಲಿ ಮಾಲೀಕ ಎಂದರೆ ಆ ಕಡತವನ್ನು ಸೃಷ್ಟಿಸಿದ ಖಾತೆ, ಅಷ್ಟೇ. ಒಬ್ಬ ನೌಕರರು ಸಂಸ್ಥೆಗಾಗಿ ಸಿದ್ಧಪಡಿಸಿದ ವರದಿಯ ಮೇಲೆ ಅವರ ಖಾತೆಯ ಗುರುತೇ ಇರುತ್ತದೆ. ವರದಿ ನಿಜವಾಗಿ ಸಂಸ್ಥೆಯದ್ದೆಂಬುದು ಯಂತ್ರಕ್ಕೆ ತಿಳಿಯದು. ಒಪ್ಪಂದದ ಒಡೆತನಕ್ಕೂ ಯಂತ್ರದಲ್ಲಿ ದಾಖಲಾದ ಒಡೆತನಕ್ಕೂ ನಡುವಿನ ಈ ಅಂತರವನ್ನು ತುಂಬುವುದು ನಿರ್ವಾಹಕರ ಕೆಲಸ, ಮತ್ತು ಅದನ್ನು ತುಂಬಲು ಇರುವ ಸಾಧನವೇ ಗುಂಪು.

ಆದ್ದರಿಂದ ಕಾಗದದ ಮೇಲೆ ವ್ಯಕ್ತಿಗಳ ಹೆಸರಿಗಿಂತ ಮೊದಲು ಕೆಲಸಗಳನ್ನು ಬರೆದುಕೊಳ್ಳಿ. ಲೆಕ್ಕ ಬರೆಯುವವರು, ಲೆಕ್ಕವನ್ನು ಓದಿ ಪರಿಶೀಲಿಸುವವರು, ಚಿತ್ರಗಳನ್ನು ಸೇರಿಸುವವರು ಹೀಗೆ ಪ್ರತಿ ಕೆಲಸಕ್ಕೂ ಒಂದು ಗುಂಪು ಇರಲಿ. ಜನ ಬರುತ್ತಾರೆ, ಹೋಗುತ್ತಾರೆ, ಕೆಲಸ ಬದಲಿಸುತ್ತಾರೆ; ಗುಂಪು ಮಾತ್ರ ಉಳಿಯುತ್ತದೆ. ಹಕ್ಕನ್ನು ಗುಂಪಿಗೆ ಕೊಟ್ಟರೆ, ಒಬ್ಬರು ಕೆಲಸ ಬದಲಿಸಿದಾಗ ಆ ಗುಂಪಿನಿಂದ ಅವರ ಹೆಸರನ್ನು ತೆಗೆದರೆ ಸಾಕು. ವ್ಯಕ್ತಿಗಳಿಗೆ ನೇರವಾಗಿ ಹಕ್ಕು ಹಂಚಿದ ಯಂತ್ರದಲ್ಲಿ ಅದೇ ಬದಲಾವಣೆಗೆ ನೂರಾರು ಫೋಲ್ಡರುಗಳನ್ನು ಹುಡುಕಬೇಕಾಗುತ್ತದೆ.

ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ ಇರಲೇಬೇಕು. ಹಲವರು ಒಂದೇ ಖಾತೆಯನ್ನು ಹಂಚಿಕೊಂಡರೆ ಮಾಲೀಕರು ಯಾರೆಂಬ ಪ್ರಶ್ನೆಗೇ ಅರ್ಥ ಉಳಿಯುವುದಿಲ್ಲ. ಈ ಪಾಠ ಬಹಳ ಹಳೆಯದು. ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ 1961ರಲ್ಲಿ ಪ್ರದರ್ಶನಗೊಂಡ ಸಿಟಿಎಸ್‌ಎಸ್ ಎಂಬ ಸಮಯ ಹಂಚಿಕೆಯ (ಒಂದೇ ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸುವ) ವ್ಯವಸ್ಥೆಯಲ್ಲಿ, 1966ರ ಒಂದು ದಿನ, ಲಾಗಿನ್ ಆದ ಪ್ರತಿಯೊಬ್ಬರಿಗೂ ಸ್ವಾಗತ ಸಂದೇಶದ ಬದಲಿಗೆ ಎಲ್ಲರ ಪಾಸ್‌ವರ್ಡುಗಳ ಪಟ್ಟಿಯೇ ಅಚ್ಚಾಗಿ ಬಂದಿತು. ಅಲ್ಲಿನ ಎಡಿಟರ್ ಒಂದು ಫೋಲ್ಡರಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಕೆಲಸ ಮಾಡುತ್ತಾರೆ ಎಂದು ನಂಬಿ ತಾತ್ಕಾಲಿಕ ಕಡತಕ್ಕೆ ಒಂದೇ ಹೆಸರನ್ನು ಬಳಸುತ್ತಿತ್ತು. ಆ ದಿನ ನಿರ್ವಾಹಕರಲ್ಲಿ ಒಬ್ಬರು ಸ್ವಾಗತ ಸಂದೇಶವನ್ನೂ ಇನ್ನೊಬ್ಬರು ಪಾಸ್‌ವರ್ಡ್ ಕಡತವನ್ನೂ ಒಂದೇ ಹೊತ್ತಿನಲ್ಲಿ ತಿದ್ದುತ್ತಿದ್ದರು, ಹಾಗಾಗಿ ಎರಡೂ ಅದಲುಬದಲಾದವು. ಯಾರೂ ಕದಿಯಲು ಹೊರಟಿರಲಿಲ್ಲ. ಒಬ್ಬರಿಗೆಂದು ಮಾಡಿದ ಜಾಗದಲ್ಲಿ ಇಬ್ಬರು ಇದ್ದರು, ಅಷ್ಟೇ.

ಈಗಿರುವ ಹಕ್ಕುಗಳನ್ನು ಓದುವುದು

ಯೂನಿಕ್ಸ್ 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿತು. ಅಲ್ಲಿಂದ ಬಂದ ಸರಳ ಪದ್ಧತಿಯೇ ಇಂದಿಗೂ ಬಳಕೆಯಲ್ಲಿದೆ. ಪ್ರತಿ ಕಡತಕ್ಕೂ ಒಬ್ಬ ಮಾಲೀಕ, ಒಂದು ಗುಂಪು ಇರುತ್ತದೆ. ಈ ಎರಡಕ್ಕೂ ಸೇರದವರೆಲ್ಲ ಇತರರು. ಮೂವರಿಗೂ ಮೂರು ಮೂರು ಹಕ್ಕುಗಳು: ಓದುವುದು, ಬರೆಯುವುದು, ಚಲಾಯಿಸುವುದು. ಎಲ್‌ಎಸ್ ಆದೇಶಕ್ಕೆ ‘-ಎಲ್’ ಆಯ್ಕೆಯನ್ನು ಸೇರಿಸಿ ಕೊಟ್ಟರೆ ಪ್ರತಿ ಸಾಲಿನ ಆರಂಭದಲ್ಲಿ ಹತ್ತು ಚಿಹ್ನೆಗಳು ಕಾಣುತ್ತವೆ. ಮೊದಲನೆಯದು ಅದು ಕಡತವೋ ಫೋಲ್ಡರೋ ಎಂಬುದನ್ನು ಹೇಳುತ್ತದೆ. ಉಳಿದ ಒಂಬತ್ತನ್ನು ಮೂರು ಮೂರಾಗಿ ಒಡೆದು, ಕ್ರಮವಾಗಿ ಮಾಲೀಕ, ಗುಂಪು, ಇತರರು ಎಂದು ಓದಬೇಕು. ಆರ್ ಎಂದರೆ ಓದು, ಡಬ್ಲ್ಯು ಎಂದರೆ ಬರಹ, ಎಕ್ಸ್ ಎಂದರೆ ಚಾಲನೆ. ಅಡ್ಡಗೆರೆ ಇದ್ದಲ್ಲಿ ಆ ಹಕ್ಕು ಇಲ್ಲ.

ಇವನ್ನೇ ಅಂಕಿಗಳಲ್ಲಿ ಬರೆಯುವ ರೂಢಿಯಿದೆ. ಓದಿಗೆ 4, ಬರಹಕ್ಕೆ 2, ಚಾಲನೆಗೆ 1. ಇವುಗಳನ್ನು ಕೂಡಿಸಿದರೆ ಒಬ್ಬೊಬ್ಬರಿಗೆ ಒಂದು ಅಂಕಿ ಬರುತ್ತದೆ. ಹಾಗಾಗಿ 640 ಎಂದರೆ ಮಾಲೀಕರು ಓದಿ ಬರೆಯಬಹುದು, ಗುಂಪಿನವರು ಓದಬಹುದು, ಇತರರಿಗೆ ಏನೂ ಇಲ್ಲ. 755 ಎಂದರೆ ಮಾಲೀಕರಿಗೆ ಎಲ್ಲವೂ ಉಂಟು, ಉಳಿದವರಿಗೆ ಓದು ಮತ್ತು ಚಾಲನೆ ಮಾತ್ರ.

ಒಂದು ಸೂಕ್ಷ್ಮವನ್ನು ಹಲವರು ತಪ್ಪಾಗಿ ತಿಳಿದಿರುತ್ತಾರೆ. ಯಂತ್ರವು ಈ ಮೂರು ವರ್ಗಗಳ ಹಕ್ಕುಗಳನ್ನು ಕೂಡಿಸಿ ನೋಡುವುದಿಲ್ಲ. ನೀವು ಮಾಲೀಕರಾಗಿದ್ದರೆ ಮಾಲೀಕರ ಸಾಲನ್ನು ಮಾತ್ರ ನೋಡಿ ತೀರ್ಮಾನಿಸುತ್ತದೆ. ಮಾಲೀಕರಲ್ಲದೆ ಗುಂಪಿನ ಸದಸ್ಯರಾಗಿದ್ದರೆ ಗುಂಪಿನ ಸಾಲನ್ನು ಮಾತ್ರ ನೋಡುತ್ತದೆ. ಹೀಗಾಗಿ ಗುಂಪಿಗೆ ಬರೆಯುವ ಹಕ್ಕಿದ್ದು ಮಾಲೀಕರಿಗೆ ಇಲ್ಲದಿದ್ದರೆ, ಮಾಲೀಕರು ಆ ಗುಂಪಿನ ಸದಸ್ಯರಾಗಿದ್ದರೂ ಬರೆಯಲಾರರು. ಆದರೆ ಹಕ್ಕುಗಳನ್ನು ಬದಲಾಯಿಸುವ ಅಧಿಕಾರ ಮಾಲೀಕರ ಕೈಯಲ್ಲೇ ಇರುವುದರಿಂದ ಅವರು ಸಿಎಚ್‌ಮಾಡ್ ಆದೇಶದಿಂದ ತಮ್ಮ ಹಕ್ಕನ್ನು ಮರಳಿ ಪಡೆಯಬಹುದು. ಒಡೆತನ ಮತ್ತು ಬಳಕೆ ಹೇಗೆ ಬೇರೆಯೆಂಬುದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ: ಬಳಕೆಯ ಹಕ್ಕಿದ್ದವರು ಕಡತವನ್ನು ಓದಬಹುದು, ತಿದ್ದಬಹುದು, ಆ ಹಕ್ಕು ಯಾರಿಗಿರಬೇಕು ಎಂದು ನಿರ್ಧರಿಸುವವರು ಮಾಲೀಕರು.

ಒಡೆತನವನ್ನೇ ಇನ್ನೊಬ್ಬರಿಗೆ ವರ್ಗಾಯಿಸುವ ಸಿಎಚ್‌ಓನ್ ಆದೇಶವನ್ನು ಲಿನಕ್ಸ್‌ನಲ್ಲಿ ಸಾಮಾನ್ಯ ಬಳಕೆದಾರರು ಬಳಸಲಾರರು. ಇದಕ್ಕೆ ಒಳ್ಳೆಯ ಕಾರಣವಿದೆ. ತನ್ನ ಕಡತಗಳನ್ನು ಬೇರೆಯವರ ಹೆಸರಿಗೆ ಬರೆಯಲು ಸಾಧ್ಯವಾದರೆ, ಪ್ರತಿಯೊಬ್ಬರಿಗೂ ನಿಗದಿಯಾದ ಡಿಸ್ಕ್ ಪಾಲನ್ನು ಮೀರಿ ಅದರ ಹೊರೆಯನ್ನು ಬೇರೆಯವರ ಲೆಕ್ಕಕ್ಕೆ ದಾಟಿಸಿಬಿಡಬಹುದು. ಗುಂಪನ್ನು ಬದಲಿಸಲು ಮಾಲೀಕರಿಗೆ ಅವಕಾಶವಿದೆ, ಆದರೆ ತಾವು ಸದಸ್ಯರಾಗಿರುವ ಗುಂಪುಗಳಿಗೆ ಮಾತ್ರ.

ಫೋಲ್ಡರಿನ ಹಕ್ಕು ಬೇರೆಯೇ ಲೆಕ್ಕ

ನಾನು ಕಂಡ ಗೊಂದಲಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹುಟ್ಟುವುದು ಇಲ್ಲಿ. ಫೋಲ್ಡರ್ ಎಂಬುದು ಹೆಸರುಗಳ ಒಂದು ಪಟ್ಟಿ. ಓದುವ ಹಕ್ಕಿದ್ದರೆ ಆ ಪಟ್ಟಿಯನ್ನು ನೋಡಬಹುದು. ಬರೆಯುವ ಹಕ್ಕಿದ್ದರೆ ಪಟ್ಟಿಗೆ ಹೆಸರು ಸೇರಿಸಬಹುದು, ಇದ್ದದ್ದನ್ನು ಬದಲಿಸಬಹುದು, ತೆಗೆದುಹಾಕಬಹುದು. ಎಕ್ಸ್ ಇದ್ದರೆ ಫೋಲ್ಡರಿನೊಳಗೆ ಹೋಗಿ ಅಲ್ಲಿನ ಕಡತಗಳನ್ನು ತಲುಪಬಹುದು. ಅದಿಲ್ಲದೆ ಬರೆಯುವ ಹಕ್ಕೂ ಉಪಯೋಗಕ್ಕೆ ಬಾರದು. ಓದು ಇಲ್ಲದೆ ಎಕ್ಸ್ ಮಾತ್ರ ಇದ್ದರೆ, ಹೆಸರು ಗೊತ್ತಿರುವ ಕಡತವನ್ನು ತೆರೆಯಬಹುದು, ಒಳಗೆ ಏನೇನಿದೆ ಎಂದು ನೋಡಲಾಗದು.

ಇದರಿಂದ ಹೊರಡುವ ಮುಖ್ಯ ಸಂಗತಿಯನ್ನು ಮನಸ್ಸಿನಲ್ಲಿ ಗಟ್ಟಿಯಾಗಿ ಇಟ್ಟುಕೊಳ್ಳಬೇಕು. ಕಡತವನ್ನು ಅಳಿಸುವ ಹಕ್ಕು ಇರುವುದು ಕಡತದಲ್ಲಲ್ಲ, ಅದು ಕುಳಿತಿರುವ ಫೋಲ್ಡರಿನಲ್ಲಿ. ನಿಮ್ಮ ಕಡತಕ್ಕೆ 400 ಕೊಟ್ಟು ನೀವೊಬ್ಬರೇ ಓದುವಂತೆ ಮಾಡಿದ್ದರೂ, ಆ ಫೋಲ್ಡರಿಗೆ ಬರೆಯುವ ಹಕ್ಕಿರುವ ಸಹೋದ್ಯೋಗಿ ಅದನ್ನು ಅಳಿಸಿ, ಅದೇ ಹೆಸರಿನಲ್ಲಿ ತನ್ನದೊಂದು ಕಡತವನ್ನು ಇಡಬಹುದು. ಒಳಗಿನದನ್ನು ಅವರು ಓದಲಾರರು, ನಾಶ ಮಾತ್ರ ಮಾಡಬಲ್ಲರು. ‘ಓದಲು ಮಾತ್ರ’ ಎಂದು ಗುರುತು ಹಾಕಿದ ಕಡತ ಸುರಕ್ಷಿತ ಎಂದು ನಂಬಿ ಮೋಸಹೋದವರು ಬಹಳ ಮಂದಿ.

ಇದಕ್ಕೆ ಪರಿಹಾರ ಸ್ಟಿಕಿ ಬಿಟ್ ಎಂಬ ಗುರುತು. ಅದನ್ನು ಫೋಲ್ಡರಿಗೆ ಹಾಕಿದರೆ, ಬರೆಯುವ ಹಕ್ಕು ಎಲ್ಲರಿಗೂ ಇದ್ದರೂ, ಒಂದು ಕಡತವನ್ನು ಅಳಿಸುವುದು ಅಥವಾ ಅದರ ಹೆಸರು ಬದಲಿಸುವುದು ಆ ಕಡತದ ಮಾಲೀಕರಿಗೆ, ಫೋಲ್ಡರಿನ ಮಾಲೀಕರಿಗೆ ಮತ್ತು ಯಂತ್ರದ ಮೇಲೆ ಪೂರ್ಣ ಅಧಿಕಾರವಿರುವ ರೂಟ್ ಎಂಬ ನಿರ್ವಾಹಕ ಖಾತೆಗೆ ಮಾತ್ರ ಸಾಧ್ಯ. ಎಲ್ಲರೂ ತಾತ್ಕಾಲಿಕ ಕಡತಗಳನ್ನಿಡುವ ‘ಟಿಎಂಪಿ’ ಫೋಲ್ಡರಿನ ಹಕ್ಕು 1777 ಎಂದು ಇರುವುದು ಇದಕ್ಕಾಗಿಯೇ. ಮೊದಲಿನ 1 ಸ್ಟಿಕಿ ಬಿಟ್‌ನ ಗುರುತು. ಒಬ್ಬರು ಸಲ್ಲಿಸಿದ್ದನ್ನು ಇನ್ನೊಬ್ಬರು ಅಳಿಸಬಾರದಂಥ ಫೋಲ್ಡರುಗಳಿಗೆಲ್ಲ ಇದು ತಕ್ಕದ್ದು.

ಇನ್ನೊಂದು ಮಾತು. ಒಂದು ಕಡತವನ್ನು ತಲುಪಲು ಅದರ ದಾರಿಯಲ್ಲಿರುವ ಪ್ರತಿಯೊಂದು ಫೋಲ್ಡರಿನಲ್ಲೂ ಎಕ್ಸ್ ಬೇಕು. ಕಡತದ ಹಕ್ಕು ಸರಿಯಾಗಿದ್ದರೂ ತೆರೆಯದಿದ್ದರೆ ತಡೆ ಮೇಲಿನ ಯಾವುದೋ ಫೋಲ್ಡರಿನಲ್ಲಿದೆ ಎಂದು ತಿಳಿಯಿರಿ. ನೇಮ್‌ಐ ಎಂಬ ಆದೇಶವನ್ನು ‘-ಎಲ್’ ಆಯ್ಕೆಯೊಂದಿಗೆ ಕೊಟ್ಟರೆ ದಾರಿಯುದ್ದಕ್ಕೂ ಪ್ರತಿ ಹಂತದ ಮಾಲೀಕ, ಗುಂಪು, ಹಕ್ಕುಗಳು ಒಂದರ ಕೆಳಗೊಂದು ಕಾಣುತ್ತವೆ. ಎಲ್ಲವನ್ನೂ ತೆರೆದುಬಿಡುವ ಆತುರಕ್ಕೆ ಬೀಳುವ ಮೊದಲು ಈ ಒಂದು ಆದೇಶವನ್ನು ಕೊಟ್ಟು ನೋಡಿ.

ಜಂಟಿ ಫೋಲ್ಡರನ್ನು ಕಟ್ಟುವುದು

ಈಗ ಕೆಲಸಕ್ಕೆ ಬರೋಣ. ವರದಿ ಸಿದ್ಧಪಡಿಸುವ ಐವರಿಗೆ ಒಂದು ಜಂಟಿ ಫೋಲ್ಡರ್ ಬೇಕಾಗಿದೆ. ಯಾರು ಬರೆದದ್ದನ್ನಾದರೂ ಉಳಿದ ನಾಲ್ವರು ತಿದ್ದಲು ಸಾಧ್ಯವಿರಬೇಕು, ಹೊರಗಿನವರಿಗೆ ಏನೂ ಕಾಣಬಾರದು. ಮೊದಲು ಗ್ರೂಪ್‌ಆ್ಯಡ್ ಆದೇಶದಿಂದ ‘ವರದಿ’ ಎಂಬ ಗುಂಪನ್ನು ಮಾಡಿ. ನಂತರ ಯೂಸರ್‌ಮಾಡ್ ಆದೇಶದಿಂದ ಐವರನ್ನೂ ಅದಕ್ಕೆ ಸೇರಿಸಿ. ಇಲ್ಲಿ ‘-ಎಜಿ’ ಎಂದು ಎರಡೂ ಅಕ್ಷರ ಕೊಡಬೇಕು, ಸಣ್ಣ ಎ ಮತ್ತು ದೊಡ್ಡ ಜಿ. ಎ ಬಿಟ್ಟುಹೋದರೆ ಆ ವ್ಯಕ್ತಿ ಹೊಸ ಗುಂಪಿಗೆ ಸೇರುವುದರ ಜೊತೆಗೆ ಮೊದಲಿದ್ದ ಹೆಚ್ಚುವರಿ ಗುಂಪುಗಳಿಂದೆಲ್ಲ ಹೊರಬೀಳುತ್ತಾರೆ. ನಾನು ಒಮ್ಮೆ ನನ್ನ ಖಾತೆಯ ಮೇಲೆಯೇ ಈ ತಪ್ಪು ಮಾಡಿದ್ದೆ. ಆಡಳಿತದ ಗುಂಪಿನಿಂದ ನಾನೇ ಹೊರಬಿದ್ದದ್ದು ಗೊತ್ತಾದದ್ದು ಮರುದಿನ ಲಾಗಿನ್ ಆದ ಮೇಲೆ. ಅದನ್ನು ಸರಿಪಡಿಸಲು ಯಂತ್ರವಿದ್ದ ಕೋಣೆಗೇ ಹೋಗಿ, ಅದನ್ನು ಮತ್ತೆ ಶುರುಮಾಡಿ, ದುರಸ್ತಿಗೆಂದೇ ಇರುವ ರಕ್ಷಣಾ ಸ್ಥಿತಿಯಲ್ಲಿ (ರೆಸ್ಕ್ಯೂ ಮೋಡ್) ಕೂರಬೇಕಾಯಿತು. ಅಷ್ಟು ಹೊತ್ತು ಉಳಿದ ಎಲ್ಲರ ಕೆಲಸವೂ ನಿಂತಿತ್ತು.

ಮುಂದೆ ಫೋಲ್ಡರನ್ನು ಸೃಷ್ಟಿಸಿ, ಸಿಎಚ್‌ಜಿಆರ್‌ಪಿ ಆದೇಶದಿಂದ ಅದರ ಗುಂಪನ್ನು ‘ವರದಿ’ ಎಂದು ಮಾಡಿ, ಸಿಎಚ್‌ಮಾಡ್ ಆದೇಶದಿಂದ 2770 ಕೊಡಿ. ಇಲ್ಲಿನ 770 ಭಾಗ ಮಾಲೀಕರಿಗೂ ಗುಂಪಿಗೂ ಪೂರ್ಣ ಹಕ್ಕು ಕೊಟ್ಟು ಹೊರಗಿನವರನ್ನು ತಡೆಯುತ್ತದೆ. ಮೊದಲಿನ 2 ಸೆಟ್‌ಜಿಐಡಿ ಎಂಬ ಗುರುತು. ಅದಿಲ್ಲದಿದ್ದರೆ ಒಬ್ಬರು ಈ ಫೋಲ್ಡರಿನಲ್ಲಿ ಸೃಷ್ಟಿಸುವ ಹೊಸ ಕಡತಕ್ಕೆ ಅವರ ಸ್ವಂತ ಮೂಲ ಗುಂಪಿನ (ಖಾತೆ ಮಾಡುವಾಗಲೇ ಸಿಗುವ ಗುಂಪಿನ) ಗುರುತು ಬೀಳುತ್ತದೆ, ಉಳಿದವರಿಗೆ ಆ ಕಡತ ಪರರದ್ದಾಗುತ್ತದೆ. ಸೆಟ್‌ಜಿಐಡಿ ಇದ್ದರೆ ಹೊಸ ಕಡತಗಳು ಫೋಲ್ಡರಿನ ಗುಂಪನ್ನೇ ಪಡೆಯುತ್ತವೆ, ಒಳಗೆ ಮಾಡುವ ಹೊಸ ಫೋಲ್ಡರುಗಳು ಈ ಗುಣವನ್ನೂ ಪಡೆಯುತ್ತವೆ. ಮಾಲೀಕರ ಹೆಸರು ಬರೆದವರದ್ದೇ ಆಗಿ ಉಳಿಯುತ್ತದೆ, ಬಳಕೆ ಮಾತ್ರ ಗುಂಪಿನದ್ದಾಗುತ್ತದೆ. ಜಂಟಿ ಕೆಲಸಕ್ಕೆ ಬೇಕಾದದ್ದು ಇದೇ.

ಇಷ್ಟಾದರೂ ಒಂದು ಕೊರತೆ ಉಳಿಯುತ್ತದೆ. ಹೊಸ ಕಡತಕ್ಕೆ ಯಾವ ಹಕ್ಕುಗಳು ಬರಬಾರದೆಂಬುದನ್ನು ನಿರ್ಧರಿಸುವುದು ಪ್ರತಿ ಬಳಕೆದಾರರ ಯೂಮಾಸ್ಕ್ ಎಂಬ ಸಂಖ್ಯೆ. ಸಾಮಾನ್ಯ ಕಡತ 666ರಿಂದ, ಫೋಲ್ಡರ್ 777ರಿಂದ ಹೊರಟು, ಯೂಮಾಸ್ಕ್‌ನಲ್ಲಿರುವ ಹಕ್ಕುಗಳನ್ನು ಕಳೆದುಕೊಳ್ಳುತ್ತವೆ. ಬಹಳ ಕಡೆ ಅದು 022 ಆಗಿರುವುದರಿಂದ ಕಡತಕ್ಕೆ 644, ಫೋಲ್ಡರಿಗೆ 755 ಬರುತ್ತದೆ. ಅಂದರೆ ಗುಂಪಿನವರು ಓದಬಹುದು, ತಿದ್ದಲಾರರು. ಐವರ ಯೂಮಾಸ್ಕನ್ನೂ 007 ಮಾಡಿದರೆ ಕಡತಕ್ಕೆ 660, ಫೋಲ್ಡರಿಗೆ 770 ಬರುತ್ತದೆ. ಆದರೆ ಹೀಗೆ ಮಾಡುವ ಮೊದಲು ಪ್ರತಿಯೊಬ್ಬರಿಗೂ ಅವರದೇ ಹೆಸರಿನ ಮೂಲ ಗುಂಪು ಇದೆಯೇ ಎಂದು ನೋಡಿಕೊಳ್ಳಿ. ಎಲ್ಲ ಬಳಕೆದಾರರನ್ನೂ ಒಂದೇ ಮೂಲ ಗುಂಪಿನಲ್ಲಿ ಇಟ್ಟಿರುವ ಯಂತ್ರದಲ್ಲಿ 007 ಕೊಟ್ಟರೆ, ಅವರ ಮನೆ ಫೋಲ್ಡರುಗಳಲ್ಲಿ ಹುಟ್ಟುವ ಖಾಸಗಿ ಕಡತಗಳೂ ಆ ಗುಂಪಿನ ಎಲ್ಲರಿಗೂ ತಿದ್ದಲು ತೆರೆದುಕೊಂಡಂತೆ.

ಬಳಕೆದಾರರ ಯೂಮಾಸ್ಕನ್ನು ಮುಟ್ಟದೆ ಇದನ್ನು ಸಾಧಿಸುವ ದಾರಿಯೂ ಇದೆ, ನಾನು ಹೆಚ್ಚಾಗಿ ಅದನ್ನೇ ಆರಿಸುತ್ತೇನೆ. ಸೆಟ್‌ಎಫ್‌ಎಸಿಎಲ್ ಆದೇಶದ ‘-ಡಿ’ ಆಯ್ಕೆಯಿಂದ ಫೋಲ್ಡರಿಗೆ ಪೂರ್ವನಿಯೋಜಿತ ಪ್ರವೇಶ ಪಟ್ಟಿಯೊಂದನ್ನು, ಅಂದರೆ ಯಾವ ಖಾತೆಗೆ ಅಥವಾ ಗುಂಪಿಗೆ ಯಾವ ಹಕ್ಕು ಎಂದು ಹೇಳುವ ಪಟ್ಟಿಯನ್ನು, ಅಂಟಿಸಬಹುದು. ಆ ಪಟ್ಟಿ ಇರುವ ಫೋಲ್ಡರಿನಲ್ಲಿ ಹುಟ್ಟುವ ಕಡತಗಳಿಗೆ ಯೂಮಾಸ್ಕ್ ಅನ್ವಯಿಸುವುದಿಲ್ಲ, ಪಟ್ಟಿಯೇ ಅನ್ವಯಿಸುತ್ತದೆ. ಐವರಲ್ಲಿ ಒಬ್ಬರು ತಮ್ಮ ಖಾತೆಯ ಹೊಂದಾಣಿಕೆಯನ್ನು ಬದಲಿಸಿಕೊಂಡರೂ ಜಂಟಿ ಫೋಲ್ಡರ್ ಕೆಡುವುದಿಲ್ಲ.

ಹೊಸದಾಗಿ ಗುಂಪಿಗೆ ಸೇರಿದವರು ಒಮ್ಮೆ ಹೊರಹೋಗಿ ಮತ್ತೆ ಲಾಗಿನ್ ಆಗಬೇಕೆಂದು ಮರೆಯದೆ ತಿಳಿಸಿ. ಸದಸ್ಯತ್ವವನ್ನು ಯಂತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದು ಲಾಗಿನ್ ಆಗುವ ಹೊತ್ತಿನಲ್ಲಿ. ಇನ್ನೊಂದನ್ನೂ ಹೇಳಿಕೊಡಬೇಕು. ಬೇರೆಡೆ ಇದ್ದ ಕಡತವನ್ನು ಈ ಫೋಲ್ಡರಿಗೆ ನಕಲು ಮಾಡಿದರೆ ಅದು ಹೊಸ ಕಡತವಾಗಿ ಗುಂಪಿನ ಗುರುತನ್ನು ಪಡೆಯುತ್ತದೆ. ಅದೇ ಡಿಸ್ಕಿನೊಳಗೆ ಎಂವಿ ಆದೇಶದಿಂದ ಸ್ಥಳಾಂತರಿಸಿದರೆ ಹಳೆಯ ಗುಂಪನ್ನೂ ಹಳೆಯ ಹಕ್ಕುಗಳನ್ನೂ ಹೊತ್ತುಕೊಂಡೇ ಬರುತ್ತದೆ. ‘ಎಲ್ಲವೂ ಸರಿಯಿದೆ, ಈ ಒಂದು ಕಡತ ಮಾತ್ರ ತೆರೆಯುತ್ತಿಲ್ಲ’ ಎಂದು ಯಾರಾದರೂ ಬಂದರೆ ಕಾರಣ ಬಹುತೇಕ ಇದೇ ಆಗಿರುತ್ತದೆ.

777 ಕೊಡಬೇಡಿ

ಯಾವುದೇ ಫೋಲ್ಡರಿಗೆ 777 ಕೊಡುವುದೆಂದರೆ ಯಂತ್ರದಲ್ಲಿರುವ ಪ್ರತಿ ಖಾತೆಗೂ ಅಲ್ಲಿನದ್ದನ್ನು ಅಳಿಸಲು, ಬದಲಿಸಲು ಒಪ್ಪಿಗೆ ಕೊಡುವುದು. ಮನುಷ್ಯರ ಖಾತೆಗಳಷ್ಟೇ ಅಲ್ಲ, ಜಾಲತಾಣವನ್ನೋ ಡೇಟಾಬೇಸನ್ನೋ ನಡೆಸುವ ತಂತ್ರಾಂಶಗಳ ಖಾತೆಗಳೂ ಅದರಲ್ಲಿ ಸೇರಿವೆ. ಜಾಲತಾಣದ ತಂತ್ರಾಂಶದಲ್ಲಿ ಒಂದು ದೋಷ ಸಿಕ್ಕಿ ಹೊರಗಿನವರು ಒಳಹೊಕ್ಕರೆ, ಅವರಿಗೆ ಸಿಗುವುದು ಆ ತಂತ್ರಾಂಶದ ಖಾತೆಯ ಹಕ್ಕುಗಳು. 777 ಇರುವಲ್ಲೆಲ್ಲ ಅವರು ಬರೆಯಬಹುದು. ಅನುಮತಿಯ ದೋಷ ಕಂಡಾಗ ಕೇಳಬೇಕಾದ ಪ್ರಶ್ನೆ ಯಾವ ಖಾತೆಗೆ, ಯಾವ ಹಂತದಲ್ಲಿ, ಯಾವ ಹಕ್ಕು ಕಡಿಮೆಯಾಗಿದೆ ಎಂಬುದು. ಆ ಒಂದನ್ನು ಮಾತ್ರ ಕೊಡಿ. ಪ್ರತಿ ಬಳಕೆದಾರರಿಗೂ ಪ್ರತಿ ತಂತ್ರಾಂಶಕ್ಕೂ ಕೆಲಸಕ್ಕೆ ಬೇಕಾದಷ್ಟೇ ಹಕ್ಕು ಇರಬೇಕೆಂಬ ತತ್ತ್ವವನ್ನು ಕಂಪ್ಯೂಟರ್ ವಿಜ್ಞಾನಿಗಳಾದ ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕೆಲ್ ಶ್ರೋಡರ್ 1975ರಲ್ಲಿ ಸ್ಪಷ್ಟವಾಗಿ ಬರೆದಿಟ್ಟರು; ಅಂದಿನಿಂದ ಯಂತ್ರಗಳು ಎಷ್ಟೋ ಬದಲಾದರೂ ಆ ಮಾತನ್ನು ತಿದ್ದುವ ಅಗತ್ಯ ಬಂದಿಲ್ಲ.

ಹಳೆಯ ತಪ್ಪನ್ನು ಒಮ್ಮೆಗೇ ಸರಿಪಡಿಸಲು, ಫೋಲ್ಡರಿನ ಒಳಗಿರುವ ಎಲ್ಲಕ್ಕೂ ಅನ್ವಯಿಸುವ ಸಿಎಚ್‌ಮಾಡ್ ಆದೇಶದ ‘-ಆರ್’ (ದೊಡ್ಡ ಆರ್) ಆಯ್ಕೆಯನ್ನು ಬಳಸುವಾಗಲೂ ಜಾಗ್ರತೆ ಬೇಕು. ಎಲ್ಲಕ್ಕೂ 660 ಎಂದು ಕೊಟ್ಟರೆ ಒಳಗಿನ ಫೋಲ್ಡರುಗಳು ಎಕ್ಸ್ ಕಳೆದುಕೊಂಡು ಯಾರೂ ಒಳಹೋಗಲಾಗದ ಸ್ಥಿತಿ ಬರುತ್ತದೆ. ಎಲ್ಲಕ್ಕೂ 770 ಎಂದು ಕೊಟ್ಟರೆ ಸಾಮಾನ್ಯ ಕಡತಗಳೆಲ್ಲ ಚಲಾಯಿಸಬಹುದಾದ ಕಡತಗಳಾಗುತ್ತವೆ. ಅಂಕಿಗಳ ಬದಲು ಅಕ್ಷರಗಳ ರೂಪದಲ್ಲಿ ಆದೇಶ ಕೊಟ್ಟು, ಸಣ್ಣ ಎಕ್ಸ್ ಬದಲು ದೊಡ್ಡ ಎಕ್ಸ್ ಬಳಸಿದರೆ ಆ ಹಕ್ಕು ಫೋಲ್ಡರುಗಳಿಗೆ ಮತ್ತು ಮೊದಲೇ ಚಾಲನೆಯ ಹಕ್ಕಿದ್ದ ಕಡತಗಳಿಗೆ ಮಾತ್ರ ಸೇರುತ್ತದೆ.

ಮೂರು ವರ್ಗ ಸಾಲದಾದಾಗ

ಬರೆಯುವ ಗುಂಪಿನ ಜೊತೆಗೆ ಓದಲು ಮಾತ್ರ ಹಕ್ಕಿರುವ ಇನ್ನೊಂದು ಗುಂಪು ಬೇಕೆಂದರೆ ಒಂಬತ್ತು ಚಿಹ್ನೆಗಳ ಪದ್ಧತಿ ಸಾಲದು. ಆಗ ಪ್ರವೇಶ ಪಟ್ಟಿ ಬೇಕಾಗುತ್ತದೆ. ಸೆಟ್‌ಎಫ್‌ಎಸಿಎಲ್ ಆದೇಶದಿಂದ ಎಷ್ಟು ಗುಂಪುಗಳಿಗೆ ಬೇಕಾದರೂ ಪ್ರತ್ಯೇಕ ಹಕ್ಕು ಬರೆಯಬಹುದು, ಗೆಟ್‌ಎಫ್‌ಎಸಿಎಲ್ ಆದೇಶದಿಂದ ಅವನ್ನು ಓದಬಹುದು. ಪಟ್ಟಿ ಇರುವ ಕಡತದ ಹಕ್ಕುಗಳ ಕೊನೆಯಲ್ಲಿ ಕೂಡಿಸುವ ಚಿಹ್ನೆ ಕಾಣುತ್ತದೆ. ಅದು ಕಂಡರೆ ನಡುವಿನ ಮೂರು ಚಿಹ್ನೆಗಳನ್ನು ಗುಂಪಿನ ಹಕ್ಕೆಂದು ಓದಬೇಡಿ. ಅವು ಈಗ ಮಾಸ್ಕ್ ಎಂಬ ಮೇಲ್ಮಿತಿಯನ್ನು ತೋರಿಸುತ್ತವೆ. ಅಂಥ ಕಡತಕ್ಕೆ ಸಿಎಚ್‌ಮಾಡ್ ಕೊಟ್ಟು ಗುಂಪಿನ ಹಕ್ಕನ್ನು ಕಡಿಮೆ ಮಾಡಿದರೆ ಕುಗ್ಗುವುದು ಆ ಮೇಲ್ಮಿತಿ, ಅದರೊಡನೆ ಪಟ್ಟಿಯಲ್ಲಿರುವ ಉಳಿದ ಗುಂಪುಗಳ ಹಕ್ಕೂ ಕುಗ್ಗುತ್ತದೆ. ಪಟ್ಟಿಗಳನ್ನು ಮಿತವಾಗಿ ಬಳಸುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಮೇಲಿನ ಕೆಲವೇ ಫೋಲ್ಡರುಗಳಲ್ಲಿ ಅವು ಇದ್ದರೆ ನೆನಪಿನಲ್ಲಿ ಉಳಿಯುತ್ತವೆ, ಕಡತ ಕಡತಕ್ಕೂ ಇದ್ದರೆ ಯಾರಿಗೂ ಲೆಕ್ಕ ಸಿಗುವುದಿಲ್ಲ.

ನಿರ್ವಾಹಕರ ಅಧಿಕಾರ

ಇಲ್ಲಿಯವರೆಗೆ ಹೇಳಿದ ಯಾವ ತಡೆಯೂ ರೂಟ್ ಖಾತೆಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಅದರ ಬಳಕೆದಾರ ಸಂಖ್ಯೆ 0, ಮತ್ತು ಆ ಸಂಖ್ಯೆಗೆ ಯಂತ್ರ ಹಕ್ಕುಗಳ ಪರೀಕ್ಷೆಯನ್ನೇ ಮಾಡದೆ ದಾರಿ ಬಿಡುತ್ತದೆ. ಆದ್ದರಿಂದ ರೂಟ್ ಪಾಸ್‌ವರ್ಡನ್ನು ಹಲವರಿಗೆ ಹಂಚುವುದು ತಪ್ಪು. ಸುಡೋ ಎಂಬ ಸಾಧನದ ಮೂಲಕ, ಇಂಥವರು ಇಂಥ ಆದೇಶಗಳನ್ನು ಮಾತ್ರ ರೂಟ್ ಹಕ್ಕಿನಲ್ಲಿ ನಡೆಸಬಹುದು ಎಂದು ಬರೆಯಿರಿ. ಯಾರು ಯಾವಾಗ ಏನು ನಡೆಸಿದರು ಎಂಬುದು ದಾಖಲೆಗೆ ಸೇರುತ್ತದೆ. ಅದರ ನಿಯಮಗಳ ಕಡತವನ್ನು ಯಾವಾಗಲೂ ವಿಸುಡೋ ಆದೇಶದಿಂದಲೇ ತಿದ್ದಬೇಕು, ಏಕೆಂದರೆ ಅದು ಉಳಿಸುವ ಮೊದಲು ವ್ಯಾಕರಣವನ್ನು ಪರೀಕ್ಷಿಸುತ್ತದೆ. ಒಂದು ಎಚ್ಚರಿಕೆ: ಯಾರಿಗಾದರೂ ಎಡಿಟರನ್ನು ರೂಟ್ ಹಕ್ಕಿನಲ್ಲಿ ತೆರೆಯಲು ಬಿಟ್ಟರೆ ಅವರಿಗೆ ಎಲ್ಲವನ್ನೂ ಕೊಟ್ಟಂತೆ, ಏಕೆಂದರೆ ಹಲವು ಎಡಿಟರುಗಳ ಒಳಗಿನಿಂದಲೇ ಬೇರೆ ಆದೇಶಗಳನ್ನು ನಡೆಸಬಹುದು.

ಬಳಕೆದಾರರಿಗೂ ಇದನ್ನು ಮುಚ್ಚಿಡದೆ ಹೇಳಬೇಕು. ತಮ್ಮ ಕಡತಕ್ಕೆ 600 ಕೊಟ್ಟವರು ಅದನ್ನು ಯಾರೂ ಓದಲಾರರೆಂದು ನಂಬಿರುತ್ತಾರೆ. ನಿರ್ವಾಹಕರು ಓದಬಲ್ಲರು, ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಜೋಡಿಸಿದವರೂ ಓದಬಲ್ಲರು. ನಿಜವಾಗಿ ಗುಟ್ಟಾಗಿರಬೇಕಾದದ್ದನ್ನು ತಮ್ಮದೇ ಯಂತ್ರದಲ್ಲಿ ಗೂಢಲಿಪೀಕರಿಸಿ, ಆಮೇಲೆ ಸರ್ವರಿನಲ್ಲಿ ಇಡಬೇಕು. ನಿರ್ವಾಹಕರು ಯಾವ ಸಂದರ್ಭದಲ್ಲಿ ಬಳಕೆದಾರರ ಕಡತವನ್ನು ತೆರೆಯಬಹುದು, ತೆರೆಯುವ ಮೊದಲು ಯಾರ ಒಪ್ಪಿಗೆ ಬೇಕು, ತೆರೆದ ನಂತರ ಯಾರಿಗೆ ತಿಳಿಸಬೇಕು ಎಂಬ ಮೂರನ್ನು ಬರವಣಿಗೆಯಲ್ಲಿ ಇಟ್ಟು, ಖಾತೆ ಕೊಡುವಾಗಲೇ ಪ್ರತಿಯೊಬ್ಬರಿಗೂ ಓದಲು ಕೊಡಿ. ಯಂತ್ರ ತಡೆಯಲಾರದ್ದನ್ನು ತಡೆಯಲು ಇರುವುದು ಈ ಒಂದು ಪುಟ ಮಾತ್ರ, ಆದ್ದರಿಂದ ಅದನ್ನು ಬರೆಯುವಾಗ ಆತುರ ಬೇಡ.

ವಿಂಡೋಸ್ ಮತ್ತು ಆನ್‌ಲೈನ್ ಡ್ರೈವ್‌ಗಳು

ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ವಿಂಡೋಸ್‌ನ ಎನ್‌ಟಿಎಫ್‌ಎಸ್ ಪದ್ಧತಿ 1993ರಲ್ಲಿ ಬಂದದ್ದು, ಮೊದಲಿನಿಂದಲೂ ಪ್ರವೇಶ ಪಟ್ಟಿಯನ್ನೇ ಆಧರಿಸಿದೆ. ಒಳಗಿನ ಕಡತಗಳು ಮೇಲಿನ ಫೋಲ್ಡರಿನ ಹಕ್ಕುಗಳನ್ನು ಬಳುವಳಿಯಾಗಿ ಪಡೆಯುತ್ತವೆ. ನೆಟ್‌ವರ್ಕ್ ಮೂಲಕ ಬರುವವರಿಗೆ ಹಂಚಿಕೆಯ ಹಕ್ಕು, ಕಡತದ ಹಕ್ಕು ಎಂದು ಎರಡು ಪರೀಕ್ಷೆಗಳಿದ್ದು, ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಅಲ್ಲಿ ನಿರಾಕರಣೆಯ ಸಾಲನ್ನೂ ಬರೆಯಬಹುದು. ಕಡತದ ಮೇಲೆಯೇ ಬರೆದ ನಿರಾಕರಣೆ ಎಲ್ಲ ಅನುಮತಿಗಳಿಗಿಂತ ಮೊದಲು ಬರುತ್ತದೆ. ಮೇಲಿನಿಂದ ಬಳುವಳಿಯಾಗಿ ಬಂದ ನಿರಾಕರಣೆಯನ್ನು ಮಾತ್ರ ಕಡತದ ಮೇಲೆಯೇ ಬರೆದ ಅನುಮತಿ ಮೀರಬಲ್ಲದು. ಈ ಗೊಜಲಿನಿಂದಾಗಿ ನಿರಾಕರಣೆಯನ್ನು ಬಳಸದೆ, ಹಕ್ಕು ಕೊಡದೇ ಇರುವುದರಿಂದಲೇ ತಡೆಯುವುದು ಉತ್ತಮ.

ಆನ್‌ಲೈನ್ ಡ್ರೈವ್‌ಗಳಲ್ಲಿ ನೋಡಬೇಕಾದದ್ದು ಮುಖ್ಯವಾಗಿ ಒಡೆತನವನ್ನೇ. ಗೂಗಲ್ ಡ್ರೈವ್‌ನಲ್ಲಿ ಒಬ್ಬರ ಸ್ವಂತ ಡ್ರೈವ್‌ನಲ್ಲಿ ಹುಟ್ಟಿದ ಕಡತ ಎಷ್ಟು ಜನರೊಂದಿಗೆ ಹಂಚಿಕೊಂಡರೂ ಅವರದ್ದೇ. ಜಂಟಿ ಡ್ರೈವ್‌ನಲ್ಲಿ ಹುಟ್ಟಿದ್ದು ತಂಡದ್ದಾಗುತ್ತದೆ, ಸದಸ್ಯರು ಬಿಟ್ಟುಹೋದರೂ ಉಳಿಯುತ್ತದೆ. ಸಂಸ್ಥೆಯ ಕೆಲಸ ಎರಡನೆಯದರಲ್ಲೇ ನಡೆಯಲಿ. ತಿದ್ದುವ ಹಕ್ಕು ಪಡೆದವರು ತಾವೇ ಇನ್ನೊಬ್ಬರಿಗೆ ಹಂಚಲು ಪೂರ್ವನಿಯೋಜಿತವಾಗಿ ಅವಕಾಶವಿರುತ್ತದೆ. ಬೇಡವಾದರೆ ಕಡತದ ಮಾಲೀಕರು ಅದನ್ನು ಮುಚ್ಚಬಹುದು.

ಒಬ್ಬರು ಬಿಟ್ಟುಹೋದಾಗ

ಖಾತೆಯನ್ನು ತಕ್ಷಣ ಅಳಿಸಬೇಡಿ. ಮೊದಲು ಲಾಗಿನ್ ಮುಚ್ಚಿ. ಪಾಸ್‌ವರ್ಡನ್ನು ನಿಷ್ಕ್ರಿಯಗೊಳಿಸಿದರೆ ಸಾಲದು. ಪಾಸ್‌ವರ್ಡ್ ಇಲ್ಲದೆ ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಕೀಲಿಗಳಿಂದ ಇನ್ನೂ ಒಳಬರಬಹುದಾದ್ದರಿಂದ ಖಾತೆಯ ಅವಧಿಯನ್ನೇ ಮುಗಿಸಬೇಕು. ಅವರ ಹೆಸರಿನಲ್ಲಿ ನಿಗದಿತ ವೇಳೆಗೆ ತಾವೇ ನಡೆಯುವ ಕೆಲಸಗಳಿವೆಯೇ ಎಂದು ಕ್ರಾನ್ ಪಟ್ಟಿಯನ್ನು ನೋಡಿ. ಆಮೇಲೆ ಫೈಂಡ್ ಆದೇಶದಿಂದ ಅವರ ಒಡೆತನದ ಕಡತಗಳನ್ನೆಲ್ಲ ಪಟ್ಟಿ ಮಾಡಿ, ಅವರೊಂದಿಗೇ ಕುಳಿತು ಸ್ವಂತದ್ದು ಯಾವುದು, ಸಂಸ್ಥೆಯದ್ದು ಯಾವುದು ಎಂದು ಬೇರ್ಪಡಿಸುವುದು ಮರ್ಯಾದೆಯ ಕ್ರಮ. ಸಂಸ್ಥೆಯದ್ದನ್ನು ಆ ಕೆಲಸ ವಹಿಸಿಕೊಂಡವರ ಹೆಸರಿಗೆ ಸಿಎಚ್‌ಓನ್ ಆದೇಶದಿಂದ ವರ್ಗಾಯಿಸಿ.

ಈ ವರ್ಗಾವಣೆ ಮಾಡದೆ ಖಾತೆಯನ್ನು ಅಳಿಸಿದರೆ ಬರುವ ಅಪಾಯ ಮೇಲ್ನೋಟಕ್ಕೆ ಕಾಣುವುದಿಲ್ಲ. ಕಡತದ ಮೇಲೆ ಯಂತ್ರ ಬರೆದಿಡುವುದು ಹೆಸರನ್ನಲ್ಲ, ಬಳಕೆದಾರ ಸಂಖ್ಯೆಯನ್ನು. ಹೆಚ್ಚಿನ ಲಿನಕ್ಸ್ ವ್ಯವಸ್ಥೆಗಳಲ್ಲಿ ಮನುಷ್ಯರ ಖಾತೆಗಳ ಸಂಖ್ಯೆ 1000ದಿಂದ ಶುರುವಾಗುತ್ತದೆ. ಖಾತೆ ಹೋದ ಮೇಲೂ ಸಂಖ್ಯೆ ಕಡತಗಳ ಮೇಲೆ ಉಳಿಯುತ್ತದೆ. ಮುಂದೆ ಹೊಸಬರೊಬ್ಬರಿಗೆ ಅದೇ ಸಂಖ್ಯೆ ಸಿಕ್ಕರೆ, ಅವರು ನೋಡಿಯೂ ಇರದ ಆ ಹಳೆಯ ಕಡತಗಳಿಗೆಲ್ಲ ಅವರೇ ಮಾಲೀಕರಾಗುತ್ತಾರೆ. ಆದ್ದರಿಂದ ಬಳಸಿದ ಸಂಖ್ಯೆಗಳ ಪಟ್ಟಿಯೊಂದನ್ನು ಇಟ್ಟುಕೊಂಡು ಅವನ್ನು ಮತ್ತೆ ಕೊಡಬೇಡಿ. ಹಲವು ಯಂತ್ರಗಳು ಎನ್‌ಎಫ್‌ಎಸ್ ಎಂಬ ನೆಟ್‌ವರ್ಕ್ ಪದ್ಧತಿಯ ಮೂಲಕ ಕಡತಗಳನ್ನು ಹಂಚಿಕೊಳ್ಳುತ್ತಿದ್ದರೆ ಒಬ್ಬರ ಸಂಖ್ಯೆ ಎಲ್ಲ ಯಂತ್ರಗಳಲ್ಲೂ ಒಂದೇ ಆಗಿರುವಂತೆ ನೋಡಿಕೊಳ್ಳಿ.

ತಿಂಗಳಿಗೊಮ್ಮೆ ಎರಡು ಹುಡುಕಾಟ ನಡೆಸುವ ಅಭ್ಯಾಸ ಇರಲಿ. ಫೈಂಡ್ ಆದೇಶಕ್ಕೆ ‘-ನೋಯೂಸರ್’ ಎಂದು ಕೊಟ್ಟರೆ ಮಾಲೀಕರಿಲ್ಲದ ಕಡತಗಳು ಸಿಗುತ್ತವೆ. ‘-ಪರ್ಮ್’ ಆಯ್ಕೆಗೆ ‘-0002’ ಕೊಟ್ಟರೆ ಇತರರೆಲ್ಲರೂ ಬರೆಯಬಹುದಾದವು ಸಿಗುತ್ತವೆ. ಬೇರೆ ಕಡತ ಅಥವಾ ಫೋಲ್ಡರನ್ನು ತೋರಿಸುವ ಸಾಂಕೇತಿಕ ಕೊಂಡಿಗಳು ಯಾವಾಗಲೂ 777 ಎಂದೇ ತೋರಿಸುವುದರಿಂದ ಎರಡನೆಯ ಪಟ್ಟಿಯಿಂದ ಅವನ್ನು ಬಿಡಿ. ಸ್ಟಿಕಿ ಬಿಟ್ ಇರುವ ‘ಟಿಎಂಪಿ’ಯಂಥ ಫೋಲ್ಡರುಗಳನ್ನೂ ಬಿಡಬಹುದು. ಉಳಿದ ಪ್ರತಿಯೊಂದು ಸಾಲಿಗೂ, ಅದು ಹೀಗೆ ತೆರೆದಿರಬೇಕಾದ ಕಾರಣವನ್ನು ಆ ಕೆಲಸದ ಗುಂಪಿನವರನ್ನು ಕೇಳಿ. ಕಾರಣ ಸಿಗದಿದ್ದರೆ ಹಕ್ಕನ್ನು ಗುಂಪಿಗೆ ಸೀಮಿತಗೊಳಿಸಿ, ಗುಂಪಿನ ಸದಸ್ಯರೊಬ್ಬರ ಖಾತೆಯಿಂದಲೂ ಸದಸ್ಯರಲ್ಲದವರ ಖಾತೆಯಿಂದಲೂ ಒಮ್ಮೆ ತೆರೆದು ಪರೀಕ್ಷಿಸಿ.